ಅಪ್ಪನ ಹೊಟ್ಟೆಯೊಳಗಿನ ನಡುಗಡ್ಡೆಗಳು

ಈ ಪುಟ್ಟ ಮಡಕೆಗೆ ತೊಂಬತ್ತು ರೂಪಾಯಿ ಬಿತ್ತು. ವಿಜಯನಗರದ ಮಾರ್ಕೆಟ್ಟಿನವನು ನೂರೈವತ್ತು ಹೇಳಿದ್ದ. ತಿರುಗಿ ನಾಲ್ಕು ಹೆಜ್ಜೆ ನಡೆದೆ, ಕರೆದ. ಮನೆಯಲ್ಲಿ ಫ್ರಿಜ್ ಇದ್ದೂ ಕೊಂಡಿದ್ದಕ್ಕೆ ಕಾರಣವಿದೆ. ಕಳೆದ ವಾರ ಡಾಕ್ಟರು, ಅಪ್ಪನಿಗೆ ಬರೆದಂತೆ, ನನಗೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬರೆದರು. ಮಡಕೆಗೆ ನೀರು ಚಿಮುಕಿಸಿದೊಡನೆ ಎದ್ದ ಹಸಿಮಣ್ಣಿನ ವಾಸನೆ ನನ್ನನ್ನು ರಾಜಾಜಿನಗರದ ನಮ್ಮ ವಠಾರಕ್ಕೆ ಎಳೆದೊಯ್ದಿತು. ಈಗ ಅಲ್ಲಿ ವಠಾರವೂ ಇಲ್ಲ, ಅಪ್ಪನೂ ಇಲ್ಲ.

ಅಪ್ಪ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಅರ್ಥ ತಿಳಿಯದ ಪದವನ್ನು ಪುಟದಲ್ಲೇ ಬಿಡದವರು ಮೈಗೆ ಹೇಗೆ ಚುಚ್ಚಿಕೊಂಡಾರು? ಇನ್ಸುಲಿನ್ ಎಂದರೇನೆಂದು ಡಾಕ್ಟರನ್ನೇ ಕೇಳಿಕೊಂಡು ಬಂದಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಮೆತ್ತಿದ ಅದೇ ಅಂಗೈಗಳ ನಡುವೆ ಮದ್ದಿನ ಸೀಸೆಯನ್ನು ಮೆಲ್ಲಗೆ ಉರುಳಿಸುತ್ತ ಹೇಳಿದರು: "ಲ್ಯಾಟಿನ್‌ನಲ್ಲಿ ಇನ್ಸುಲಾ ಅಂದ್ರೆ ನಡುಗಡ್ಡೆ ಕಣೇ. ಹೊಟ್ಟೇಲಿ ಒಂದು ಗ್ರಂಥಿ ಇದೆ, ಅದರೊಳಗೆ ಸಣ್ಣ ಸಣ್ಣ ನಡುಗಡ್ಡೆ. ಈ ಮದ್ದು ಅಲ್ಲೇ ಹುಟ್ಟಬೇಕಿತ್ತು. ನನ್ನವು ಸುಮ್ನೆ ಕೂತಿವೆ, ನಿಮ್ಮ ಮಾವನ ಥರ."

"ನನ್ನ ತಮ್ಮನ ಸುದ್ದಿ ಇಲ್ದೆ ಇವ್ರಿಗೆ ಸೂಜಿನೂ ಇಳಿಯಲ್ಲ" ಎಂದರು ಅಮ್ಮ ಒಳಗಿನಿಂದ.

ಫ್ರಿಜ್ ಇದ್ದದ್ದು ಓನರ್ ಆಂಟಿಯ ಮನೆಯಲ್ಲಿ ಮಾತ್ರ. ಸೀಸೆ ಇಟ್ಟುಬರುವುದು, ತರುವುದು ನನ್ನ ಕೆಲಸ. ಬೇಸಿಗೆಯ ಒಂದು ಸಂಜೆ, ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಹೊಸ ಸೀಸೆಯನ್ನು ಐಸ್ ಕಟ್ಟುವ ಖಾನೆಗೆ ತಳ್ಳಿದೆ. ಬೆಳಿಗ್ಗೆ ಅದು ಕಲ್ಲಾಗಿತ್ತು. ಮೆಟ್ಟಿಲ ಕೆಳಗೆ ಕೂತು, ಅಪ್ಪನಂತೆಯೇ ಅಂಗೈಯಲ್ಲಿ ಉರುಳಿಸಿ ಕರಗಿಸಿ ಕೊಟ್ಟೆ. ಬಾಯಿ ಬಿಡಲಿಲ್ಲ. ಮೂರೇ ದಿನಕ್ಕೆ ಅಪ್ಪ ಚೊಂಬುಗಟ್ಟಲೆ ನೀರು ಕುಡಿಯುತ್ತ ಹಾಸಿಗೆ ಹಿಡಿದರು. ಅವರು ಲೋಟ ಎತ್ತಿದಾಗಲೆಲ್ಲ ಒಳಗೆ ಒಂದೊಂದೇ ನಡುಗಡ್ಡೆ ಮುಳುಗುವುದು ನನಗೆ ಕಾಣುತ್ತಿತ್ತು. ಮುಳುಗಿಸಿದವಳು ನಾನು. ನಾಲ್ಕನೆಯ ದಿನ ಅವರ ಉಸಿರು ಕೊಳೆತ ಹಣ್ಣಿನಂತೆ ನಾರಿದಾಗ ತಡೆಯಲಾಗದೆ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟೆ. ಗದರಲಿಲ್ಲ. "ಅಮ್ಮನ್ನ ಕರಿ. ಆಟೋ ಹಿಡೀಲಿ" ಎಂದರಷ್ಟೆ.

ಆಸ್ಪತ್ರೆಯಿಂದ ಬದುಕಿ ಬಂದವರು ಮೊದಲು ಮಡಕೆಯೊಂದಕ್ಕೆ ಒದ್ದೆ ಮರಳು ತುಂಬಿ ಪೂಜೆಯ ಮೂಲೆಯಲ್ಲಿಟ್ಟರು. "ಇನ್ಮೇಲೆ ಸೀಸೆ ಇಲ್ಲೇ ಇರ್ಲಿ. ತಂಪಾಗೂ ಇರುತ್ತೆ, ಐಸೂ ಕಟ್ಟಲ್ಲ, ನೀನು ಹೆದರೋದೂ ಬೇಡ." ಆಮೇಲೆ ಹನ್ನೊಂದು ವರ್ಷ, ಅವರ ಉಂಗುರಕ್ಕೆ ಸೀಸೆ ತಾಗುವ ಸಣ್ಣ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು.

ನನ್ನ ಮಾತು ಕೇಳಿ. ಸೀಸೆಯನ್ನು ಐಸಿನ ಹತ್ತಿರ ಇಡಬೇಡಿ. ಒಮ್ಮೆ ಗಟ್ಟಿಯಾದ ಮದ್ದು ಕರಗಿಸಿದರೂ ಕೆಲಸ ಮಾಡದು; ಎಷ್ಟೇ ಬೆಲೆಯದಾಗಿರಲಿ, ಎಸೆಯಿರಿ. ಮಗುವಿನ ಕೈಯಲ್ಲಿ ಕಳಿಸುವುದಾದರೆ, "ಏನೇ ಆದ್ರೂ ಬಂದು ಹೇಳು, ಬಯ್ಯಲ್ಲ" ಎಂದು ಮೊದಲೇ ಹೇಳಿ ಕಳಿಸಿ.