ತೊಡೆ ಮೇಲಿನ ಬ್ಯಾಗು

ಬೆಂಗಳೂರಿನಲ್ಲಿ ಹೊರಗಿನವಳೆಂದು ಯಾರಿಗೂ ಗೊತ್ತಾಗಬಾರದು ಎಂಬುದೇ ನನ್ನ ಆತಂಕ. ಅವತ್ತು ಮೆಟ್ರೋದಲ್ಲಿ ಅಲ್ಲಿಯವರಂತೆ ಮುಖ ಗಂಟು ಹಾಕಿಕೊಂಡು ನಿಂತಿದ್ದೆ. ರೈಲು ವಾಲಿತು. ನಮ್ಮ ಬಾಳೂರು ಬಸ್ಸಿನಲ್ಲಿ ನಿಂತವರ ಚೀಲ ಕೂತವರ ತೊಡೆ ಮೇಲಿರುವುದು ರೂಢಿ. ಅದೇ ಅಭ್ಯಾಸದಲ್ಲಿ, ಎದುರು ಕೂತಿದ್ದ ಹುಡುಗಿಯ ತೊಡೆ ಮೇಲೆ ಕೇಳದೆಯೇ ಬ್ಯಾಗಿಟ್ಟು ಕಂಬಿ ಹಿಡಿದೆ.

ಅವಳು ಎರಡೂ ಕೈ ಮೇಲೆತ್ತಿ ಬಿಳಿಚಿಕೊಂಡಳು. "ಇದರಲ್ಲೇನಿದೆ?"

"ಕಾಫಿಪುಡಿ ಮಾರಾಯ್ತಿ, ಅಕ್ಕನಿಗೆ."

ಯಾರೂ ನಗಲಿಲ್ಲ. ಪಕ್ಕದವರು ಎದ್ದು ದೂರ ಸರಿದರು. ಒಬ್ಬರ ಕೈ ಬಾಗಿಲ ಪಕ್ಕದ ಎಮರ್ಜೆನ್ಸಿ ಬಟನ್ನಿನತ್ತ ಹೋಯಿತು. ಕೂಡಲೇ ಜಿಪ್ಪು ತೆಗೆದೆ. ಘಮ ಬೋಗಿಯಿಡೀ ಹರಡಿದ ಮೇಲೆಯೇ ಆ ಕೈ ಕೆಳಗಿಳಿದದ್ದು.

ವಾಪಸು ಬರುವಾಗ ಮೂಡಿಗೆರೆಯಲ್ಲಿ ಬಾಳೂರು ಬಸ್ಸು ಹತ್ತಿ ಕೂತೆ. ನಿಂತಿದ್ದ ಹೆಂಗಸೊಬ್ಬರು ಭಾರದ ಚೀಲವೊಂದನ್ನು ನನ್ನ ತೊಡೆಗಿಳಿಸಿದರು.

"ಇದರಲ್ಲೇನಿದೆ?" ಎಂದುಬಿಟ್ಟೆ.

ಅವರು ನನ್ನನ್ನೇ ಒಂದು ಗಳಿಗೆ ನೋಡಿ, "ಬೆಂಗಳೂರಿನವರಾ ನೀವು?" ಎಂದರು.