ಪರದೆಯ ಮೇಲಿನ ಅಡುಗೆಮನೆ

ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ಅದಕ್ಕೆ ಹೇಳಿಕೊಟ್ಟವರು ಹೇಳಿದರು. ನಮ್ಮ ಗೃಹಪ್ರವೇಶದ ದಿನ ಅಡುಗೆಮನೆಯಲ್ಲಿ ಒಲೆ ಇಡುವ ಕಟ್ಟೆಯೇ ಇರಲಿಲ್ಲ, ಆದದ್ದು ಇಷ್ಟೇ. ಉಳಿದದ್ದು ಮಂದಿ ಸೇರಿಸಿದ್ದು.

ನನ್ನ ಯಜಮಾನರು ಧಾರವಾಡದ ಕಡೆಯಿಂದ ನಾಗಪುರದ ಮದ್ದುಗುಂಡಿನ ಕಾರ್ಖಾನೆಗೆ ಬಂದವರು. ಅವರು ತೀರಿಹೋದ ಮೇಲೆ ನಾನು, ಮಗ, ಸೊಸೆ ಬಜಾಜ್ ನಗರದ ಬಾಡಿಗೆ ಮನೆಯಲ್ಲಿದ್ದೆವು. ಮಗ ಒಬ್ಬ ಬಿಲ್ಡರನ ಕೈಕೆಳಗೆ ಇಂಜಿನಿಯರ್. ಅವರು ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲೇ ನಾವೂ ಒಂದು ಮನೆ ಕೊಂಡೆವು.

ಆಗ ಅವನ ತಲೆಯಲ್ಲಿ ಒಂದೇ ಹುಚ್ಚು. ಗೋಡೆ, ಪೈಪು, ಬಾಗಿಲು ಸಮೇತ ಇಡೀ ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟುವುದು. ಯಾವ ವಾರ ಯಾವ ಕೆಲಸ ಎಂಬುದೂ ಅದರೊಳಗೇ. ಮುಗಿದದ್ದು ಹಸಿರು, ನಡೆಯುತ್ತಿರುವುದು ಹಳದಿ, ತಡವಾದದ್ದು ಕೆಂಪು. ಬಣ್ಣ ಹಾಕುವವನು ಸೈಟಿನ ಸೂಪರ್‌ವೈಸರ್. ಸೋಮವಾರಕ್ಕೊಮ್ಮೆ ಮಾಲೀಕ ಅದನ್ನು ಆಫೀಸಿನ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿಕೊಂಡು ನೋಡುತ್ತಿದ್ದ. ಕೆಂಪು ಕಂಡರೆ ಒದರಾಡುತ್ತಿದ್ದ. ಈ ಕಟ್ಟಡ ಹೇಳಿದ ಹೊತ್ತಿಗೆ ಮುಗಿಯದಿದ್ದರೆ ಕಂಪ್ಯೂಟರ್ ಗುಜರಿಗೆ, ನನ್ನ ಮಗ ಊರಾಚೆ ಕಾಮಠಿಯ ಸಿಮೆಂಟ್ ಗೋದಾಮಿಗೆ ಎಂದು ಮೊದಲೇ ಹೇಳಿಟ್ಟಿದ್ದ.

ಮಗ ಅದನ್ನು ಮನೆಗೂ ತಂದು ತೋರಿಸಿದ.

“ನೋಡವ್ವಾ, ನಮ್ಮ ಅಡಗಿಮನಿ.”

“ಇಷ್ಟು ಸ್ವಚ್ಛ ಐತಿ. ಯಾರೂ ಇರೂದಿಲ್ಲೇನು ಇಲ್ಲಿ?”

“ನಾವ ಇರೂದು. ಎಲ್ಲಾ ಹಸರ ಆತಂದ್ರ ನೀ ಹಾಲು ಉಕ್ಕಿಸು.”

ಸೊಸೆ ಪರದೆಗೆ ಬೆರಳು ಚುಚ್ಚಿ, ಆ ಮೂಲೆಯಲ್ಲಿ ಫ್ರಿಜ್ ಇಡುತ್ತೇನೆ ಎಂದಳು. ಅಲ್ಲಿ ನನ್ನ ರುಬ್ಬುಕಲ್ಲು ಎಂದೆ ನಾನು. ಇನ್ನೂ ಇಲ್ಲದ ಮೂಲೆಗಾಗಿ ಇಬ್ಬರೂ ಮಾತು ಬಿಟ್ಟೆವು.

ಒಂದು ಸೋಮವಾರ ನಮ್ಮ ಮನೆ ಪೂರಾ ಹಸಿರಾಯಿತು. ಮಗ ನಾಲ್ಕನೇ ಮಹಡಿ ಹತ್ತಿ ನೋಡಲಿಲ್ಲ. ಹತ್ತುವುದು ತಪ್ಪಲಿ ಅಂತಲೇ ಅಲ್ಲವೇ ಇದನ್ನು ತಂದದ್ದು ಎಂದ. ಮುಹೂರ್ತ ಇಡಿಸಿದ. ಮೊದಲು ಮುಗಿದ ಮನೆ ಇದೇ ಎಂದು ಗಿರಾಕಿಗಳಿಗೆ ತೋರಿಸಲು ಮಾಲೀಕನೂ ಹೊರಟ.

ಆ ದಿನ ಹಾಲಿನ ಪಾತ್ರೆ ಹಿಡಿದು ಮುಂದೆ ಹತ್ತಿದವಳು ನಾನು. ಕಟ್ಟೆ ಇರಬೇಕಾದಲ್ಲಿ ಮರಳಿನ ಗುಡ್ಡೆ. ಅದರ ಮೇಲೆ ಒಂದು ನಾಯಿ, ನಮಗಿಂತ ಮೊದಲೇ ಪ್ರವೇಶ ಮಾಡಿ ಮಲಗಿತ್ತು.

ಮಗ ಸೈಟಿನ ಸೂಪರ್‌ವೈಸರನನ್ನು ಹಿಡಿದ. ಅವನು ಮರಾಠಿಯವನು, ನಿಧಾನಸ್ಥ.

“ಕೆಂಪು ತೋರಿಸಿದರೆ ಸಾಹೇಬರು ಬೈತಾರೆ. ಅದಕ್ಕೆ ಸೋಮವಾರ ಹಸಿರು ಹಾಕಿಬಿಡೋದು, ಆಮೇಲೆ ವಾರವಿಡೀ ಕೆಲಸ ಮುಗಿಸೋದು. ಯಾವಾಗಲೂ ಬರೋಬರ್ ಆಗುತ್ತೆ.”

“ಮತ್ತೆ ನಮ್ಮದು?”

“ನೀವು ಮನೆಯ ಮನುಷ್ಯ. ನಿಮಗೇನು ಅವಸರ ಅಂತ ಹಿಂದಕ್ಕಿಟ್ಟೆ.”

ಮೆಟ್ಟಿಲ ಮೇಲೆ ಮಾಲೀಕನ ದನಿ ಕೇಳಿಸಿತು. ಮಗನ ಮುಖ ಸುಣ್ಣವಾಯಿತು.

“ಅವ್ವಾ, ಜಲ್ದಿ ಅಡಗಿಮನಿ ಬಾಗಲಾ ಮುಚ್ಚು.”

“ಬಾಗಲಾ ಎಲ್ಲೈತೋ ಮುಚ್ಚಲಿಕ್ಕೆ?”

ಮುಹೂರ್ತ ಮೀರುತ್ತಿತ್ತು. ನಾಯಿಯನ್ನು ಎಬ್ಬಿಸಿ, ಮೂರು ಇಟ್ಟಿಗೆ ಹೂಡಿ, ಸೆಂಟ್ರಿಂಗಿನ ಕಟ್ಟಿಗೆ ಚೂರು ಹಚ್ಚಿ ಹಾಲಿಟ್ಟೆ. ಮಾಲೀಕ ಗಿರಾಕಿಗಳೊಂದಿಗೆ ಹೊಗೆಯೊಳಗೆ ಬಂದು ಕಣ್ಣು ಉಜ್ಜಿಕೊಂಡ.

“ಮಾಂಜಿ, ಕಟ್ಟೆ ಎಲ್ಲಿ?”

ನನ್ನ ಹಿಂದಿ ಅರ್ಧ ಕನ್ನಡ. ಆದರೂ ತಿಳಿಯುವಂತೆ ಹೇಳಿದೆ. “ಕಂಪ್ಯೂಟರಿನಾಗ ಐತಿ.”

“ಹಸಿರಿತ್ತಲ್ಲ?”

“ಕೆಂಪು ಕಂಡ್ರ ನೀ ಒದರತಿ. ಯಾವಾಂವ ಹಚ್ಚತಾನ? ತಡಿ, ನಾ ಹಚ್ಚತೀನಿ.”

ಪೂಜೆ ತಟ್ಟೆಯ ಕುಂಕುಮದಲ್ಲಿ ಅಂಗೈ ಅದ್ದಿ, ಕಟ್ಟೆ ಬರಬೇಕಾದ ಗೋಡೆಗೆ ಬಳಿದೆ. ಅಷ್ಟರಲ್ಲಿ ಹಾಲು ಉಕ್ಕಿತು. ಗಿರಾಕಿ ಹೆಂಗಸೊಬ್ಬಳು ನನ್ನ ಹತ್ತಿರ ಬಂದು ಮರಾಠಿಯಲ್ಲಿ, “ಆಜಿ, ನಮ್ಮ ಮನೆಗೂ ಬಂದು ಹಚ್ಚಿಕೊಡ್ತೀರಾ?” ಎಂದಳು. ಎಲ್ಲರೂ ನಕ್ಕರು. ನಗದಿದ್ದವನು ಮಾಲೀಕ.

ಅವನು ಹಾಲು ಕುಡಿದ. ಲೋಟ ಕೆಳಗಿಟ್ಟು ಮಗನಿಗೆ ಹೇಳಿದ: “ಕಂಪ್ಯೂಟರ್ ಇರಲಿ, ನೀನೂ ಇರು. ಇನ್ನು ಕೆಂಪಿಗೆ ಬೈಯುವುದಿಲ್ಲ. ಹೋಗಿ ನೋಡದೆ ಹಸಿರು ಹಾಕಿದವನು ಮಾತ್ರ ಕಾಮಠಿಗೆ.”

ಮರುದಿನ ಬೆಳಿಗ್ಗೆ ಅದೇ ಸೂಪರ್‌ವೈಸರನ ಹೆಗಲ ಮೇಲೆ ರುಬ್ಬುಕಲ್ಲು ಹೊರಿಸಿಕೊಂಡು ನಾಲ್ಕನೇ ಮಹಡಿ ಹತ್ತಿದೆ. ಸೊಸೆ ಏಳುವ ಮೊದಲೇ ಅದನ್ನು ಅವಳು ಫ್ರಿಜ್‌ಗೆ ಕೇಳಿದ್ದ ಆ ಮೂಲೆಯಲ್ಲಿ ಇಳಿಸಿ, ಕಟ್ಟೆ ಕಟ್ಟುವವರು ಬರುವ ತನಕ ಅದರ ಮೇಲೆ ಕೂತೆ.