ಷಡ್ಡಕನ ಟರ್ಕಿ ಕಾರ್ಪೆಟ್

ಹದಿನೆಂಟು ವರ್ಷದಿಂದ ನಾನು ಗುಬ್ಬಿಯ ಅತ್ತೆಯವರಿಗೆ ಹಿರಿಯಳಿಯ. ಯಾವ ಕಾರ್ಯವಾದರೂ ಮೊದಲ ಮರ್ಯಾದೆ ನನಗೇ. ಹೋದ ವರ್ಷ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿಸಿದ. ಮನೆಯನ್ನು ಹೇಗೋ ಸಹಿಸಿಕೊಂಡೆ. ಕಾರ್ಪೆಟ್ಟನ್ನು ಮಾತ್ರ ಆಗಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಸಹಾಯಕ್ಕೆಂದು ಕುಣಿಗಲ್‌ನಿಂದ ಹೋದೆವು. ಹಾಲ್‌ನ ನಡುವೆ ಕಾರ್ಪೆಟ್ ಹಾಸಿತ್ತು. ಇಟ್ಟಿಗೆ ಕೆಂಪು, ಅದರಲ್ಲಿ ಮಾಸಿದ ನೀಲಿ ಹೂ. ಒಂದು ಅಂಚು ಸವೆದು ದಾರ ಹೊರಬಂದಿತ್ತು.

"ಸೆಕೆಂಡ್ ಹ್ಯಾಂಡಾ?" ಎಂದೆ, ಮರುಕ ಬೆರೆಸಿ.

"ಆಂಟಿಕ್ಕು ಅಣ್ಣ, ಟರ್ಕೀದು. ನೂರು ವರ್ಷದ ಮೇಲಾಗೈತಂತೆ. ಸವೆದಷ್ಟೂ ರೇಟು ಜಾಸ್ತಿ."

"ಹಂಗಾದ್ರೆ ನನ್ನ ಚಪ್ಲಿಗೂ ಒಬ್ಬ ಗಿರಾಕಿ ಹುಡುಕೊಡು."

ಅವನು ಮನಸಾರೆ ನಕ್ಕ. ಒಳ್ಳೆಯ ಮನುಷ್ಯ; ಅದು ಇನ್ನೊಂದು ಕಷ್ಟ. ಮೂಲೆ ಮಗುಚಿ, ಒಂದೊಂದು ಗಂಟನ್ನೂ ಕೈಯಲ್ಲೇ ಹಾಕಿದ್ದಾರೆಂದು ತೋರಿಸಿದ. ಹಾಳಾದ್ದು, ಹಿಂಬದಿಯೂ ಚೆನ್ನಾಗಿತ್ತು. ಊರ್ಡಿಗೆರೆಯ ನೆಂಟರೊಬ್ಬರು ಅದನ್ನು ತುಳಿಯಲು ಹೆದರಿ, ಗೋಡೆಗುಂಟ ಸುತ್ತು ಹಾಕಿ ಅಡುಗೆಮನೆಗೆ ಹೋದರು. ನಮ್ಮ ಮನೆಯ ಪ್ಲಾಸ್ಟಿಕ್ ಚಾಪೆಗೆ ಯಾರೂ ಅಷ್ಟು ಗೌರವ ಕೊಟ್ಟಿದ್ದಿಲ್ಲ. ಇನ್ನು ನಾಳೆ ಪೂಜೆಯಲ್ಲಿ ಅತ್ತೆ ಯಾರನ್ನು ಮೊದಲು ಕರೆಯುತ್ತಾರೆ? ಬಿಪಿ ಮಾತ್ರೆ ನುಂಗಿದರೂ ಆ ಯೋಚನೆ ಬಿಡಲಿಲ್ಲ.

ಸಂಜೆ ಅತ್ತೆ ಹೂ ಕಟ್ಟುತ್ತಿದ್ದರು. ಪಕ್ಕ ಕೂತು ದನಿ ತಗ್ಗಿಸಿದೆ.

"ನಂಗೇನಿಲ್ಲ ಅತ್ತೆ. ಆದ್ರೂ ಹೊಸ ಮನೆಗೆ ಯಾರೋ ಬಳಸಿದ್ದು ತರಬಹುದಾ? ನೂರು ವರ್ಷ ಅಂದ್ರೆ, ಅದ್ರ ಮೇಲೆ ಯಾರ್ಯಾರು ಮಲಗಿದ್ರೋ, ಯಾರ್ಯಾರು ಪ್ರಾಣ ಬಿಟ್ರೋ..."

ಹೂವಿನ ಮೇಲೆ ಅವರ ಕೈ ನಿಂತಿತು. ನನಗೆ ನಾಚಿಕೆಯಾಯಿತು, ನಿಜ. ಖುಷಿ ಅದಕ್ಕಿಂತ ಒಂದು ತೂಕ ಹೆಚ್ಚೇ ಆಯಿತು. ಅತ್ತೆ ಎದ್ದು ಹೋಗಿ ಕಾರ್ಪೆಟ್ಟಿನ ಅಂಚನ್ನು ಬೆರಳಲ್ಲಿ ಉಜ್ಜಿ, ಮೂಸಿ, ಕಿರಿಯಳಿಯನನ್ನು ಕೂಗಿದರು.

"ಏನಪ್ಪಾ, ಇದು ಕುರಿ ಉಣ್ಣೇದಾ?"

"ಹೂಂ ಅತ್ತೆ, ಪೂರ್ತಿ ಉಣ್ಣೆ."

"ಹಂಗಾದ್ರೆ ಕಂಬಳಿ ಇದ್ದಂಗೇ ಬುಡು. ಕಂಬಳಿಗೆ ಎಂಥಾ ಮೈಲಿಗೆ?" ಆಮೇಲೆ ನನ್ನತ್ತ ತಿರುಗಿದರು. "ಒಳ್ಳೇ ಹೊತ್ತಲ್ಲಿ ನೆಪ್ಪು ಮಾಡ್ದೆ ಕಣಪ್ಪ. ಗದ್ದುಗೆಗೆ ಕಂಬಳಿ ತರೋದೇ ಮರ್ತಿದ್ದೆ. ನಾಳೆ ಕಳಸ ಇದ್ರ ಮೇಲೇ ಇಡಾನ."

ಕಂಬಳಿ ಹಾಸಿ ಗದ್ದುಗೆ ಮಾಡಿ ಅದರ ಮೇಲೆ ಕಳಸ ಕೂರಿಸುವುದು ನಮ್ಮ ಕಡೆಯ ರೂಢಿ. ಹೊಟ್ಟೆಕಿಚ್ಚಿನಲ್ಲಿ ನನಗೆ ಅದೇ ಹೊಳೆದಿರಲಿಲ್ಲ.

ಬೆಳಿಗ್ಗೆ ಕಾರ್ಪೆಟ್ಟನ್ನು ಗೋಡೆಯ ಪಕ್ಕಕ್ಕೆ ಎಳೆದು, ಅಕ್ಕಿ ಹರಡಿ ಕಳಸ ಇಟ್ಟರು. ನೀಲಿ ಹೂವಿನ ಮೇಲೆ ಕುಂಕುಮ ಉದುರಿದಾಗಲೆಲ್ಲ ಷಡ್ಡಕನ ಮುಖ ಸಣ್ಣದಾಗುತ್ತಿತ್ತು. ನನಗೆ ಸಿಕ್ಕ ಸಮಾಧಾನ ಅಷ್ಟೇ. ನೆನ್ನೆವರೆಗೆ ಅದು ಬರೀ ಶ್ರೀಮಂತಿಕೆಯಾಗಿತ್ತು, ಈಗ ಜನ ಕೈಮುಗಿಯುತ್ತಿದ್ದರು.

ಪೂಜೆ ಮುಗಿಯಿತು. ಅತ್ತೆ ಸುತ್ತ ನೋಡಿದರು.

"ಹಿರಿಯಳಿಯ ಎಲ್ಲಿ? ಬಾರಪ್ಪ, ಮೊದ್ಲು ನೀನು ಅಡ್ಡಬೀಳು."

ಮೊದಲ ಮರ್ಯಾದೆ ಉಳಿಯಿತು. ಎಲ್ಲರೆದುರು ಮಂಡಿಯೂರಿ ಷಡ್ಡಕನ ಕಾರ್ಪೆಟ್ಟಿಗೆ ಹಣೆ ಹಚ್ಚಿದೆ. ಬಹಳ ಮೆತ್ತಗಿತ್ತು. ಬೇಗ ಏಳಲಿಲ್ಲ. ಹಿಂದೆ ನಿಂತವರು ಭಕ್ತಿ ಅಂದುಕೊಂಡಿರಬೇಕು.